ಆಟ ಇರುವುದು ಆಡುವವರ ಕೈಯಲ್ಲಿ

ಎಲ್ಲರಿಗೂ ನಮಸ್ಕಾರ.

1978ರಲ್ಲಿ ಜಪಾನಿನ ಟೈಟೊ ಕಂಪನಿಯ ಎಂಜಿನಿಯರ್ ಟೊಮೊಹಿರೊ ನಿಶಿಕಾಡೊ ಅವರು ಸ್ಪೇಸ್ ಇನ್ವೇಡರ್ಸ್ ಅನ್ನುವ ಗೇಮ್ ಮಾಡಿದರು. ಮೇಲಿಂದ ಸಾಲಾಗಿ ಇಳಿದು ಬರುವ ಅನ್ಯಗ್ರಹದ ಜೀವಿಗಳು, ಕೆಳಗೆ ನಿಮ್ಮದೊಂದು ಫಿರಂಗಿ. ಅಷ್ಟೇ ಆಟ. ಆ ಯಂತ್ರದ ಪ್ರೊಸೆಸರ್‌ಗೆ 55 ಜೀವಿಗಳನ್ನು ಒಟ್ಟಿಗೆ ಓಡಿಸುವ ತಾಕತ್ತು ಇರಲಿಲ್ಲ. ಹಾಗಾಗಿ ಮೊದಲು ಅವು ತೆವಳುತ್ತಿದ್ದವು. ಆಟಗಾರ ಒಂದೊಂದನ್ನೇ ಹೊಡೆದು ಹಾಕಿದಂತೆ ಪ್ರೊಸೆಸರ್‌ನ ಹೊರೆ ಇಳಿಯುತ್ತಿತ್ತು, ಉಳಿದವುಗಳ ವೇಗ ಏರುತ್ತಿತ್ತು. ನಿಶಿಕಾಡೊ ಇದನ್ನು ಸರಿಪಡಿಸಲು ಹೋಗಲಿಲ್ಲ, ಹಾಗೇ ಉಳಿಸಿಕೊಂಡರು. ಹಿನ್ನೆಲೆಯಲ್ಲಿ ಬರುವ ನಾಲ್ಕೇ ಸ್ವರಗಳ ಸದ್ದೂ ಜೊತೆಜೊತೆಗೆ ವೇಗವಾಗುತ್ತಿತ್ತು. ನೀವು ಚೆನ್ನಾಗಿ ಆಡಿದಷ್ಟೂ ಅಪಾಯ ಜಾಸ್ತಿ. ಕೊನೆಗೆ ಉಳಿದ ಒಂದೇ ಒಂದು ಜೀವಿ ಹುಚ್ಚು ಹಿಡಿದಂತೆ ಅತ್ತಿಂದಿತ್ತ ಓಡುವಾಗ ಆಡುವವರ ಎದೆ ಬಡಿತವೂ ಏರುತ್ತಿತ್ತು.

ಇಲ್ಲಿಂದಲೇ ಶುರು ಮಾಡಿದ್ದಕ್ಕೆ ಕಾರಣ ಇದೆ. ವಿಡಿಯೋ ಗೇಮ್ ವಿಷಯ ಬಂದಾಗ ನಾವು ಸಾಮಾನ್ಯವಾಗಿ ಸ್ಕ್ರೀನ್ ಮೇಲೆ ಏನು ಕಾಣುತ್ತದೆ ಅನ್ನುವುದನ್ನೇ ಮಾತಾಡುತ್ತೇವೆ. ಗ್ರಾಫಿಕ್ಸ್ ಹೇಗಿದೆ, ಕತೆ ಇದೆಯಾ, ರಕ್ತ ಎಷ್ಟಿದೆ. ನನಗೆ ಇವೆಲ್ಲ ಆಮೇಲಿನ ಮಾತು. ಆಡುವವರು ಏನು ಮಾಡುತ್ತಾರೋ ಅದೇ ಈ ಕಲೆಯ ಕಚ್ಚಾ ಸಾಮಗ್ರಿ. ಬಟನ್ ಒತ್ತುವುದು, ಕಾಯುವುದು, ಹೆದರಿ ಹಿಂದೆ ಸರಿಯುವುದು, ಆಯ್ಕೆ ಮಾಡುವುದು, ಸೋತು ಮತ್ತೆ ಮೊದಲಿನಿಂದ ಹೊರಡುವುದು. ಶಿಲ್ಪಿಗೆ ಕಲ್ಲು ಹೇಗೋ ಗೇಮ್ ಮಾಡುವವರಿಗೆ ಇವೆಲ್ಲ ಹಾಗೆ. ಈ ಒಂದು ಕಡೆಯಿಂದ ನಿಂತು ಗೇಮ್‌ಗಳ ಇತಿಹಾಸ ನೋಡೋಣ.

ಮೊದಲ ಗೇಮ್‌ಗಳು ಹುಟ್ಟಿದ್ದು ಬೇರೆ ಕೆಲಸಕ್ಕೆ ಇಟ್ಟಿದ್ದ ಯಂತ್ರಗಳಲ್ಲಿ. ವಿಲಿಯಂ ಹಿಗಿನ್‌ಬಾಥಮ್ ಅನ್ನುವ ಭೌತವಿಜ್ಞಾನಿ ಎರಡನೇ ಮಹಾಯುದ್ಧದ ಕಾಲದಲ್ಲಿ ಅಣುಬಾಂಬಿನ ಎಲೆಕ್ಟ್ರಾನಿಕ್ಸ್ ಮೇಲೆ ದುಡಿದಿದ್ದರು. ಯುದ್ಧ ಮುಗಿದ ಮೇಲೆ ಅಣ್ವಸ್ತ್ರಗಳ ವಿರುದ್ಧ ದನಿ ಎತ್ತಿದವರು ಅವರು. 1958ರಲ್ಲಿ ಅವರು ನ್ಯೂಯಾರ್ಕ್ ರಾಜ್ಯದ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿದ್ದರು. ಪ್ರಯೋಗಾಲಯ ನೋಡಲು ಬರುವ ಜನ ಸುಮ್ನೆ ಯಂತ್ರಗಳ ಮುಂದೆ ನಿಂತು ಬೇಜಾರು ಪಡುತ್ತಾರೆ ಅನಿಸಿ, ವಿದ್ಯುತ್ ಅಲೆಗಳನ್ನು ತೋರಿಸುವ ಆಸಿಲೋಸ್ಕೋಪ್ ಅನ್ನುವ ಉಪಕರಣದ ಪುಟ್ಟ ದುಂಡು ಪರದೆಯ ಮೇಲೆ ಟೆನಿಸ್ ಆಟ ಕಟ್ಟಿದರು. ಅದಕ್ಕೆ ಬಳಸಿದ ಅನಲಾಗ್ ಕಂಪ್ಯೂಟರಿಗೆ ವಸ್ತುಗಳು ಹಾರಿ ಬೀಳುವ ದಾರಿಯನ್ನು ಲೆಕ್ಕ ಹಾಕುವುದು ಗೊತ್ತಿತ್ತು. ಕ್ಷಿಪಣಿಗೆ ಹಾಕುವ ಲೆಕ್ಕವನ್ನೇ ಚೆಂಡಿಗೆ ಹಾಕಿದರು. ಜನ ಸಾಲುಗಟ್ಟಿ ನಿಂತು ಆಡಿದರು. ಹಿಗಿನ್‌ಬಾಥಮ್ ಅದಕ್ಕೆ ಪೇಟೆಂಟ್ ಕೂಡ ತೆಗೆದುಕೊಳ್ಳಲಿಲ್ಲ.

ನಾಲ್ಕು ವರ್ಷದ ನಂತರ, 1962ರಲ್ಲಿ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು ಪಿಡಿಪಿ-1 ಕಂಪ್ಯೂಟರಿನಲ್ಲಿ ಸ್ಪೇಸ್‌ವಾರ್ ಬರೆದರು. ಆ ಕಂಪ್ಯೂಟರಿನ ಬೆಲೆ ಸುಮಾರು 1,20,000 ಡಾಲರ್. ಎರಡು ಬಾಹ್ಯಾಕಾಶ ನೌಕೆಗಳು ಒಂದನ್ನೊಂದು ಹೊಡೆಯುವ ಆಟ. ಆಟದ ಕೋಡ್ ಅಲ್ಲೇ ಎಲ್ಲರ ಕೈಗೆ ಸಿಗುವಂತಿತ್ತು. ಡ್ಯಾನ್ ಎಡ್ವರ್ಡ್ಸ್ ನಡುವೆ ಒಂದು ನಕ್ಷತ್ರ ಇಟ್ಟು ಅದಕ್ಕೆ ಗುರುತ್ವ ಸೇರಿಸಿದರು. ಪೀಟರ್ ಸ್ಯಾಮ್ಸನ್ ಹಿನ್ನೆಲೆಯಲ್ಲಿ ನಿಜವಾದ ಆಕಾಶದ ನಕ್ಷತ್ರ ನಕ್ಷೆ ಹಾಕಿದರು. ಹಣದ ಮಾತೇ ಇರಲಿಲ್ಲ. ಆಡುವವರೇ ಆಟವನ್ನು ತಿದ್ದುವ ಪದ್ಧತಿ ಅಲ್ಲಿಂದಲೇ ಇದೆ. 1993ರಲ್ಲಿ ಬಂದ ಡೂಮ್ ಗೇಮ್‌ನಲ್ಲಿ ಹೊಸ ಲೆವೆಲ್ ಮಾಡಿ ಹಂಚಿದವರು, ಮೈನ್‌ಕ್ರಾಫ್ಟ್‌ನಲ್ಲಿ ಊರುಗಳನ್ನೇ ಕಟ್ಟಿದ ಮಕ್ಕಳು, ಎಲ್ಲರೂ ಎಂಐಟಿಯ ಆ ಹುಡುಗರ ವಾರಸುದಾರರು.

ಮನೆಯ ಟಿವಿಗೆ ಗೇಮ್ ತಂದವರು ರಾಲ್ಫ್ ಬೇರ್. ನಾಜಿಗಳ ಕಾಟಕ್ಕೆ 1938ರಲ್ಲಿ ಜರ್ಮನಿ ಬಿಟ್ಟು ಅಮೆರಿಕಕ್ಕೆ ಬಂದ ಯಹೂದಿ ಕುಟುಂಬದ ಹುಡುಗ. ರಕ್ಷಣಾ ಇಲಾಖೆಗೆ ಎಲೆಕ್ಟ್ರಾನಿಕ್ಸ್ ಮಾಡುವ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದಾಗ, 1966ರಲ್ಲಿ, ಟಿವಿಯನ್ನು ಬರೀ ನೋಡುವ ಬದಲು ಅದರೊಂದಿಗೆ ಆಡಬಹುದಲ್ವಾ ಅನ್ನುವ ಯೋಚನೆ ಅವರಿಗೆ ಬಂತು. ಇವತ್ತು ಅದರಲ್ಲೇನು ವಿಶೇಷ ಅನಿಸಬಹುದು. ಆಗ ಟಿವಿ ಅಂದರೆ ಸ್ಟೇಷನ್‌ನವರು ಕಳಿಸಿದ್ದನ್ನು ಕೂತು ನೋಡುವ ಪೆಟ್ಟಿಗೆ. ಅದರ ಮೇಲಿನ ಒಂದು ಚುಕ್ಕೆ ನಾವು ಹೇಳಿದಂತೆ ಕೇಳುತ್ತದೆ ಅನ್ನುವುದೇ ದೊಡ್ಡ ಸಂಗತಿ. ಅವರ ಕೆಲಸ 1972ರಲ್ಲಿ ಮ್ಯಾಗ್ನವಾಕ್ಸ್ ಒಡಿಸ್ಸಿ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಸದ್ದಿಲ್ಲ, ಬಣ್ಣವಿಲ್ಲ. ಬಣ್ಣ ಬೇಕಾದರೆ ಚಿತ್ರ ಬರೆದ ಪ್ಲಾಸ್ಟಿಕ್ ಹಾಳೆಯನ್ನು ಟಿವಿ ಗಾಜಿನ ಮೇಲೆ ಅಂಟಿಸಬೇಕು.

ಅದೇ ವರ್ಷ ನೋಲನ್ ಬುಶ್ನೆಲ್ ಮತ್ತು ಟೆಡ್ ಡಾಬ್ನಿ ಅಟಾರಿ ಶುರು ಮಾಡಿದರು. ಅವರ ಎಂಜಿನಿಯರ್ ಆಲನ್ ಆಲ್ಕಾರ್ನ್ ಪಾಂಗ್ ಅನ್ನುವ ಟೆನಿಸ್ ಥರದ ಗೇಮ್ ಕಟ್ಟಿದರು. ಕ್ಯಾಲಿಫೋರ್ನಿಯಾದ ಸನಿವೇಲ್‌ನ ಒಂದು ಬಾರ್‌ನಲ್ಲಿ ಮೊದಲ ಯಂತ್ರ ಇಟ್ಟರು. ಸ್ವಲ್ಪ ದಿನಕ್ಕೇ ಯಂತ್ರ ಕೆಟ್ಟಿದೆ ಅಂತ ಫೋನ್ ಬಂತು. ಆಲ್ಕಾರ್ನ್ ಹೋಗಿ ತೆರೆದರೆ ನಾಣ್ಯದ ಡಬ್ಬಿ ತುಂಬಿ ತುಳುಕಿ ಯಂತ್ರ ಕಟ್ಟಿಕೊಂಡಿತ್ತು. ಪಾಂಗ್ ಮೇಲೆ ಬರೆದಿದ್ದ ಸೂಚನೆಯಲ್ಲಿ ಮುಖ್ಯವಾದದ್ದು ಒಂದೇ ಸಾಲು: ಹೆಚ್ಚು ಸ್ಕೋರ್ ಬೇಕಾದರೆ ಚೆಂಡನ್ನು ಬಿಡಬೇಡಿ. ಯಾರು ಬೇಕಾದರೂ ಅರ್ಧ ನಿಮಿಷದಲ್ಲಿ ಕಲಿಯಬಹುದಿತ್ತು. ಒಡಿಸ್ಸಿಯ ಟೆನಿಸ್ ಆಟವನ್ನು ಬುಶ್ನೆಲ್ ಮೊದಲೇ ನೋಡಿದ್ದರು. ಅದರ ಮೇಲೆ ಕೇಸ್ ನಡೆದು 1976ರಲ್ಲಿ ರಾಜಿಯಾಯಿತು.

ಎಂಬತ್ತರ ದಶಕದ ಆರಂಭದ ಆರ್ಕೇಡ್‌ಗಳ, ಅಂದರೆ ನಾಣ್ಯ ಹಾಕಿ ಗೇಮ್ ಆಡುವ ಜಾಗಗಳ, ಕಾಲದ ಬಗ್ಗೆ ಗಂಟೆಗಟ್ಟಲೆ ಮಾತಾಡಬಹುದು. ಎರಡೇ ಆಟ ಹೇಳುತ್ತೇನೆ. ಒಂದು 1980ರ ಪ್ಯಾಕ್‌ಮನ್, ಬೆನ್ನು ಹತ್ತುವ ದೆವ್ವಗಳಿಂದ ತಪ್ಪಿಸಿಕೊಳ್ಳುತ್ತ ಚುಕ್ಕೆಗಳನ್ನು ತಿನ್ನುವ ಆಟ. ಆರ್ಕೇಡ್‌ಗಳು ಗಂಡಸರ ಅಡ್ಡೆಗಳಾಗಿವೆ, ಹೆಣ್ಣುಮಕ್ಕಳೂ ಬರುವಂಥ ಆಟ ಬೇಕು ಅಂತ ಟೊರು ಇವಾಟಾನಿ ಇದನ್ನು ರೂಪಿಸಿದರು. ಅದರ ನಾಲ್ಕು ದೆವ್ವಗಳೂ ನೋಡಲು ಒಂದೇ ಥರ, ಬಣ್ಣ ಮಾತ್ರ ಬೇರೆ. ಆದರೆ ನಡತೆ ಬೇರೆ ಬೇರೆ. ಒಂದು ಬೆನ್ನು ಹತ್ತುತ್ತದೆ. ಇನ್ನೊಂದು ನೀವು ಹೋಗಲಿರುವ ಜಾಗಕ್ಕೆ ಮೊದಲೇ ಹೋಗಿ ಅಡ್ಡಗಟ್ಟುತ್ತದೆ. ಮತ್ತೊಂದು ಹತ್ತಿರ ಬಂದಂತೆ ಹಿಂದೆ ಸರಿಯುತ್ತದೆ. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಆಡಿ ಆಡಿ ಬೆರಳಿಗೆ ಗೊತ್ತಾಗುತ್ತದೆ.

ಇನ್ನೊಂದು ನಿಂಟೆಂಡೊ ಕಂಪನಿಯ ಡಾಂಕಿ ಕಾಂಗ್. ಅಮೆರಿಕದಲ್ಲಿ ಮಾರಾಟವಾಗದೆ ಉಳಿದ ಯಂತ್ರಗಳಿಗೆ ಹೊಸ ಆಟ ತುಂಬಬೇಕು ಅಂತ 1981ರಲ್ಲಿ ಶಿಗೆರು ಮಿಯಾಮೊಟೊ ಅನ್ನುವ ಯುವ ಕಲಾವಿದನಿಗೆ ಕೆಲಸ ಕೊಟ್ಟರು. ಆಟದ ನಾಯಕನಿಗೆ ಚಿತ್ರ ಬಿಡಿಸಲು ಸಿಕ್ಕಿದ್ದು ಬೆರಳೆಣಿಕೆಯ ಚುಕ್ಕೆಗಳು. ಕೂದಲು ಹಾರುವುದನ್ನು ತೋರಿಸಲಾಗದು, ಹಾಗಾಗಿ ಟೋಪಿ. ಬಾಯಿ ಬಿಡಿಸಲು ಜಾಗವಿಲ್ಲ, ಹಾಗಾಗಿ ಮೀಸೆ. ಓಡುವಾಗ ಕೈ ಬೇರೆಯಾಗಿ ಕಾಣಲಿ ಅಂತ ಎರಡು ಬಣ್ಣದ ಬಟ್ಟೆ. ಆತನೇ ಮುಂದೆ ಮಾರಿಯೋ ಆದ.

ಮಿಯಾಮೊಟೊ ಅವರ ನಿಜವಾದ ದೊಡ್ಡ ಕೆಲಸ ಬಂದಿದ್ದು 1985ರ ಸೂಪರ್ ಮಾರಿಯೋ ಬ್ರದರ್ಸ್‌ನಲ್ಲಿ. ಅದರ ಮೊದಲ ಲೆವೆಲ್‌ನ ಮೊದಲ ಒಂದು ನಿಮಿಷವನ್ನು ನಾನು ಎಷ್ಟು ಸಲ ನೋಡಿದರೂ ಹೊಸದೇನೋ ಸಿಗುತ್ತದೆ. ಮಾರಿಯೋ ಸ್ಕ್ರೀನಿನ ಎಡಕ್ಕೆ ನಿಂತಿದ್ದಾನೆ, ಬಲಕ್ಕೆ ಖಾಲಿ ಜಾಗ. ಯಾರೂ ಹೇಳದೆಯೇ ನೀವು ಬಲಕ್ಕೆ ಹೋಗುತ್ತೀರಿ. ಸಿಡುಕು ಮುಖದ ಪುಟ್ಟ ಜೀವಿಯೊಂದು ಎದುರು ಬರುತ್ತದೆ. ಮುಟ್ಟಿದರೆ ಸಾಯುತ್ತೀರಿ. ಸತ್ತರೂ ನಷ್ಟವಿಲ್ಲ, ಆಟ ಈಗಷ್ಟೇ ಶುರುವಾಗಿದೆ. ಮತ್ತೆ ಬಂದಾಗ ಹಾರುತ್ತೀರಿ. ಹಾರುವಾಗ ಪ್ರಶ್ನಾರ್ಥಕ ಚಿಹ್ನೆಯ ಪೆಟ್ಟಿಗೆಗೆ ತಲೆ ತಾಗಿ ನಾಣ್ಯ ಬರುತ್ತದೆ. ಇನ್ನೊಂದಕ್ಕೆ ತಾಗಿಸಿದರೆ ಅಣಬೆ ಬರುತ್ತದೆ. ಅದೂ ಶತ್ರು ಇರಬಹುದು ಅಂತ ತಪ್ಪಿಸಿಕೊಳ್ಳಲು ನೋಡುತ್ತೀರಿ. ಅಣಬೆ ಬಲಕ್ಕೆ ಜಾರಿ ಪೈಪಿಗೆ ಬಡಿದು ವಾಪಸ್ ನಿಮ್ಮತ್ತಲೇ ಬರುತ್ತದೆ. ಮೇಲೆ ಇಟ್ಟಿಗೆ ಇರುವುದರಿಂದ ಹಾರಿ ತಪ್ಪಿಸಿಕೊಳ್ಳುವುದೂ ಕಷ್ಟ. ತಾಗಿತು, ನೀವು ದೊಡ್ಡವರಾದಿರಿ. ಒಂದು ಅಕ್ಷರ ಓದಿಸದೆ, ಆಟದ ಮುಖ್ಯ ನಿಯಮಗಳನ್ನೆಲ್ಲ ನಿಮ್ಮ ಕೈಗೆ ಕಲಿಸಿಬಿಟ್ಟರು. ಕಲಿಸಿದರು ಅಂತಲೂ ನಿಮಗೆ ಅನಿಸುವುದಿಲ್ಲ, ನೀವೇ ಕಂಡುಹಿಡಿದಿರಿ ಅನಿಸುತ್ತದೆ. ಪಾಠ ಮಾಡುವ ಕೆಲಸದಲ್ಲಿರುವ ಯಾರೇ ಆದರೂ ಈ ಒಂದು ನಿಮಿಷವನ್ನು ಕೂತು ಆಡಬೇಕು ಅಂತ ನನ್ನ ಆಸೆ.

ಮಧ್ಯದಲ್ಲಿ ಒಂದು ದೊಡ್ಡ ಕುಸಿತ ಆಗಿತ್ತು. 1983ರಲ್ಲಿ ಅಮೆರಿಕದ ಮಾರುಕಟ್ಟೆ ಕಳಪೆ ಗೇಮ್‌ಗಳಿಂದ ತುಂಬಿ ನೆಲಕಚ್ಚಿತು. ಅಟಾರಿ ಮಾರಾಟವಾಗದ ಕಾರ್ಟ್ರಿಜ್‌ಗಳನ್ನು ನ್ಯೂ ಮೆಕ್ಸಿಕೊದ ಅಲಮಗೊರ್ಡೊದಲ್ಲಿ ಕಸದ ಗುಂಡಿಗೆ ಹಾಕಿಸಿತು. 2014ರಲ್ಲಿ ಅದನ್ನು ಅಗೆದು ತೆಗೆದರು. ಇಲ್ಲಿ ನನಗೆ ಹೆಚ್ಚು ಕಾಡುವುದು ಅದಕ್ಕಿಂತ ಹಿಂದಿನ ಇನ್ನೊಂದು ಸಂಗತಿ. ಅಟಾರಿ ತನ್ನ ಗೇಮ್ ಮಾಡಿದವರ ಹೆಸರನ್ನೇ ಹಾಕುತ್ತಿರಲಿಲ್ಲ. ವಾರೆನ್ ರಾಬಿನೆಟ್ ಅನ್ನುವ ಪ್ರೋಗ್ರಾಮರ್ ಅಡ್ವೆಂಚರ್ ಅನ್ನುವ ತನ್ನ ಗೇಮ್‌ನಲ್ಲಿ ಕಣ್ಣಿಗೆ ಕಾಣದಂಥ ಒಂದು ಬೂದು ಚುಕ್ಕೆ ಇಟ್ಟರು. ಅದನ್ನು ಹುಡುಕಿ ಹೊತ್ತು ತಂದರೆ ಒಂದು ಗುಟ್ಟಿನ ಕೋಣೆ ತೆರೆಯುತ್ತದೆ. ಅದರೊಳಗೆ ಅವರ ಹೆಸರು. ಅವರು ಕಂಪನಿ ಬಿಟ್ಟ ಮೇಲೆ ಆಡುವ ಹುಡುಗರೇ ಅದನ್ನು ಕಂಡುಹಿಡಿದರು. ಒಬ್ಬ ಕೃತಿಕಾರ ತನ್ನ ರುಜುವನ್ನು ಆಟಗಾರನ ಕೈಗೇ ಒಪ್ಪಿಸಿದ್ದು ಇದು.

ಈಗ ಟೆಟ್ರಿಸ್, ಮೇಲಿಂದ ಬೀಳುವ ತುಂಡುಗಳನ್ನು ತಿರುಗಿಸಿ ಸಾಲು ತುಂಬಿಸುವ ಆಟ. 1984ರಲ್ಲಿ ಮಾಸ್ಕೊದ ಸೋವಿಯತ್ ವಿಜ್ಞಾನ ಅಕಾಡೆಮಿಯ ಕಂಪ್ಯೂಟರ್ ಕೇಂದ್ರದಲ್ಲಿ ಅಲೆಕ್ಸಿ ಪಜಿಟ್ನೊವ್ ಇದನ್ನು ಬರೆದರು. ಎಲೆಕ್ಟ್ರೋನಿಕಾ 60 ಅನ್ನುವ ಅವರ ಯಂತ್ರಕ್ಕೆ ಚಿತ್ರ ಬಿಡಿಸಲು ಬರುತ್ತಿರಲಿಲ್ಲ. ಅಕ್ಷರಗಳು ಮಾತ್ರ. ಹಾಗಾಗಿ ಬೀಳುವ ತುಂಡುಗಳನ್ನು ಆವರಣ ಚಿಹ್ನೆಗಳಿಂದಲೇ ಬಿಡಿಸಿದರು. ಕತೆಯಿಲ್ಲ, ಪಾತ್ರವಿಲ್ಲ, ಬಣ್ಣವೂ ಇಲ್ಲ. ಆದರೂ ಅದು ಕೈಯಿಂದ ಕೈಗೆ ಫ್ಲಾಪಿಯಲ್ಲಿ ಹರಡಿತು. ಹಕ್ಕು ಸೋವಿಯತ್ ಸರ್ಕಾರದ ಕೈಯಲ್ಲಿತ್ತು. 1989ರಲ್ಲಿ ಹೆಂಕ್ ರೋಜರ್ಸ್ ಅನ್ನುವ ಗೇಮ್ ಉದ್ಯಮಿ ನೇರವಾಗಿ ಮಾಸ್ಕೊಗೆ ಹೋಗಿ ಸರ್ಕಾರಿ ಸಂಸ್ಥೆಯ ಜೊತೆ ಮಾತಾಡಿ, ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊದ ಗೇಮ್ ಬಾಯ್‌ಗೆ ಹಕ್ಕು ತಂದರು. ಪಜಿಟ್ನೊವ್ ಅವರಿಗೆ ತಮ್ಮದೇ ಆಟದಿಂದ ರಾಯಲ್ಟಿ ಬರಲು ಶುರುವಾಗಿದ್ದು 1996ರಲ್ಲಿ.

ಟೆಟ್ರಿಸ್ ಮೇಲೆ ನಡೆದ ಒಂದು ಸಂಶೋಧನೆ ಈ ಮಾತಿಗೆಲ್ಲ ಆಧಾರ ಅಂತ ನಾನು ತಿಳಿದಿದ್ದೇನೆ. 2000ದಲ್ಲಿ ಹಾರ್ವರ್ಡ್‌ನ ರಾಬರ್ಟ್ ಸ್ಟಿಕ್‌ಗೋಲ್ಡ್ ತಂಡ ಜನರಿಗೆ ಟೆಟ್ರಿಸ್ ಆಡಿಸಿ, ಅವರು ನಿದ್ದೆಗೆ ಜಾರುವಾಗ ಏನು ಕಂಡಿತು ಅಂತ ಕೇಳಿತು. ಬಹಳ ಜನಕ್ಕೆ ಬೀಳುವ ತುಂಡುಗಳು ಕಂಡಿದ್ದವು. ಅವರಲ್ಲಿ ಮಿದುಳಿಗೆ ಪೆಟ್ಟಾಗಿ ಹೊಸ ನೆನಪು ಉಳಿಯದವರೂ ಇದ್ದರು. ಟೆಟ್ರಿಸ್ ಆಡಿದ್ದೇ ಅವರಿಗೆ ನೆನಪಿಲ್ಲ. ಆದರೂ ಅವರಲ್ಲಿ ಕೆಲವರಿಗೆ ಅವೇ ತುಂಡುಗಳು ಕಂಡವು. ಆಡಿದ್ದು ಮರೆತರೂ ಆಟ ಒಳಗೆ ಉಳಿದಿತ್ತು. ಮುಂದೆ ಎಮಿಲಿ ಹೋಮ್ಸ್ ಮತ್ತು ಅವರ ಜೊತೆಗಾರರು, ಅಪಘಾತ ಆಗಿ ಆಸ್ಪತ್ರೆಗೆ ಬಂದವರಿಗೆ ಕೆಲವೇ ಗಂಟೆಯೊಳಗೆ ಟೆಟ್ರಿಸ್ ಆಡಿಸಿದರೆ, ನಂತರದ ವಾರದಲ್ಲಿ ಆ ಘಟನೆಯ ಭಯಾನಕ ಚಿತ್ರಗಳು ನುಗ್ಗಿ ಬರುವುದು ಕಡಿಮೆಯಾಗುತ್ತದೆ ಅಂತ ತೋರಿಸಿದರು. ಆಟ ಆಡುವ ಜನ ಅದನ್ನು ಎಷ್ಟು ದೂರ ಒಯ್ಯಬಲ್ಲರು ಅನ್ನುವುದಕ್ಕೂ ಟೆಟ್ರಿಸ್ ಸಾಕ್ಷಿ. ನಿಂಟೆಂಡೊದ ಹಳೆಯ ಟೆಟ್ರಿಸ್ ಅನ್ನು 2023ರ ಡಿಸೆಂಬರ್‌ನಲ್ಲಿ 13 ವರ್ಷದ ಅಮೆರಿಕದ ಹುಡುಗನೊಬ್ಬ ಗೇಮೇ ಹ್ಯಾಂಗ್ ಆಗುವವರೆಗೆ ಆಡಿದ. ಹಿಂದೆ ಯಾವ ಮನುಷ್ಯನೂ ಅಲ್ಲಿ ತಲುಪಿರಲಿಲ್ಲ. ಅವನು ಬಳಸಿದ ಬೆರಳಿನ ತಂತ್ರ ಅವನೊಬ್ಬನದಲ್ಲ. ಆಟಗಾರರು ವರ್ಷಗಳ ಕಾಲ ಒಬ್ಬರಿಂದೊಬ್ಬರು ಕಲಿತು ಬೆಳೆಸಿದ ವಿದ್ಯೆ ಅದು.

ಹಿಂಸೆಯ ಪ್ರಶ್ನೆಗೆ ಬರೋಣ. ಅದನ್ನು ತಪ್ಪಿಸಿಕೊಂಡು ಹೋಗುವುದು ಸರಿಯಲ್ಲ. 1993ರ ಡಿಸೆಂಬರ್‌ನಲ್ಲಿ ಅಮೆರಿಕದ ಸೆನೆಟ್‌ನಲ್ಲಿ ಮಾರ್ಟಲ್ ಕಾಂಬ್ಯಾಟ್‌ನಂಥ ಗೇಮ್‌ಗಳ ಬಗ್ಗೆ ವಿಚಾರಣೆ ನಡೆಯಿತು. ಅದರ ಫಲವಾಗಿ ಮರುವರ್ಷ ವಯಸ್ಸಿನ ರೇಟಿಂಗ್ ಪದ್ಧತಿ ಬಂತು. ಅದು ಒಳ್ಳೆಯ ಕೆಲಸ. 2011ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಪುಸ್ತಕ ಮತ್ತು ಸಿನಿಮಾಗಳಿಗೆ ಇರುವ ಅಭಿವ್ಯಕ್ತಿ ಸ್ವಾತಂತ್ರ್ಯ ಗೇಮ್‌ಗಳಿಗೂ ಇದೆ ಅಂತ 7-2ರ ತೀರ್ಪು ಕೊಟ್ಟಿತು. ಹಿಂಸೆ ಇರುವ ಗೇಮ್‌ಗಳಿಂದಲೇ ಜನ ಕೊಲೆ, ಗುಂಡಿನ ದಾಳಿಯಂಥ ಕೃತ್ಯಕ್ಕೆ ಇಳಿಯುತ್ತಾರೆ ಅನ್ನಲು ಸಾಕಷ್ಟು ಆಧಾರ ಇಲ್ಲ ಅಂತ ಅಮೆರಿಕನ್ ಮನಶ್ಶಾಸ್ತ್ರ ಸಂಘ 2020ರಲ್ಲಿ ಹೇಳಿತು. ಕೂಗಾಡುವುದು, ತಳ್ಳಾಡುವುದು ಇಂಥ ಸಣ್ಣ ಆಕ್ರಮಣಶೀಲತೆಯ ಜೊತೆ ಸ್ವಲ್ಪ ಸಂಬಂಧ ಕಾಣುತ್ತದೆ ಅಂತಲೂ ಹೇಳಿತು. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬೇಕು.

ಈ ಇಡೀ ವಾದದಲ್ಲಿ ಎರಡೂ ಕಡೆಯವರು ಚಿತ್ರವನ್ನೇ ನೋಡಿದರು, ಆಟಗಾರ ಏನು ಮಾಡುತ್ತಾನೆ ಅನ್ನುವುದನ್ನು ಕೇಳಿದ್ದು ಕಡಿಮೆ. 2013ರಲ್ಲಿ ಲ್ಯೂಕಸ್ ಪೋಪ್ ಬಹುತೇಕ ಒಬ್ಬರೇ ಕೂತು ಮಾಡಿದ ಪೇಪರ್ಸ್, ಪ್ಲೀಸ್ ಅನ್ನುವ ಗೇಮ್ ನೋಡಿ. ನೀವು ಒಂದು ಸರ್ವಾಧಿಕಾರಿ ದೇಶದ ಗಡಿಯಲ್ಲಿ ಪಾಸ್‌ಪೋರ್ಟ್ ನೋಡುವ ಗುಮಾಸ್ತ. ಬಂದವರ ಕಾಗದ ಪರೀಕ್ಷಿಸಿ ಸೀಲ್ ಒತ್ತಬೇಕು. ಎಷ್ಟು ಜನರನ್ನು ಮುಗಿಸಿದಿರೋ ಅಷ್ಟು ಸಂಬಳ. ಮನೆಯಲ್ಲಿ ಹಸಿವು, ಚಳಿ, ಕಾಯಿಲೆ. ಒಬ್ಬ ಗಂಡಸು ಬರುತ್ತಾನೆ, ಅವನ ಕಾಗದ ಸರಿಯಾಗಿದೆ. ಹಿಂದೆ ನನ್ನ ಹೆಂಡತಿ ಬರುತ್ತಿದ್ದಾಳೆ, ದಯವಿಟ್ಟು ನೋಡಿಕೊಳ್ಳಿ ಅನ್ನುತ್ತಾನೆ. ಅವಳ ಬಳಿ ಒಂದು ಪರವಾನಗಿ ಇಲ್ಲ. ಒಳಗೆ ಬಿಟ್ಟರೆ ನಿಮಗೆ ನೋಟಿಸ್, ನೋಟಿಸ್ ಜಾಸ್ತಿಯಾದರೆ ದಂಡ. ಇದರಲ್ಲಿ ರಕ್ತದ ಹೊಳೆಯಿಲ್ಲ. ಆದರೆ ಅವಳ ಪಾಸ್‌ಪೋರ್ಟಿನ ಮೇಲೆ ಕೆಂಪು ಸೀಲ್ ಒತ್ತಿದ ಕೈ ನಿಮ್ಮದು. ಸಿನಿಮಾದಲ್ಲಿ ಇಂಥ ಅಧಿಕಾರಿಯನ್ನು ಕಂಡರೆ ಸಿಟ್ಟು ಬರುತ್ತದೆ. ಇಲ್ಲಿ ಆ ಅಧಿಕಾರಿ ನೀವೇ ಆಗಿರುವುದರಿಂದ ನಾಚಿಕೆಯಾಗುತ್ತದೆ. ಆಡಿ ಹುಟ್ಟುವ ಈ ನಾಚಿಕೆ ಬೇರೆ ಕಲೆಯಲ್ಲಿ ನನಗೆ ಸಿಕ್ಕಿಲ್ಲ. ಪೋಲೆಂಡಿನ ದಿಸ್ ವಾರ್ ಆಫ್ ಮೈನ್ ಕೂಡ ಹೀಗೆಯೇ. ಮುತ್ತಿಗೆ ಬಿದ್ದ ಊರಲ್ಲಿ ಬದುಕುಳಿಯಲು ಹೆಣಗುವ ಸಾಮಾನ್ಯ ಜನರ ಆಟ. 2020ರಲ್ಲಿ ಆ ದೇಶದ ಸರ್ಕಾರ ಅದನ್ನು ಶಾಲೆಗಳ ಪೂರಕ ಓದಿನ ಪಟ್ಟಿಗೆ ಸೇರಿಸುವುದಾಗಿ ಹೇಳಿತು.

ಸಾವಿರಾರು ಜನ ಒಟ್ಟಿಗೆ ಆಡುವಾಗ ಇನ್ನೂ ವಿಚಿತ್ರ ಸಂಗತಿಗಳು ನಡೆಯುತ್ತವೆ. 2005ರ ಸೆಪ್ಟೆಂಬರ್‌ನಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅನ್ನುವ ಆನ್‌ಲೈನ್ ಗೇಮ್‌ನಲ್ಲಿ ಒಂದು ರಾಕ್ಷಸನ ಗುಹೆಗೆ ಮಾತ್ರ ಸೀಮಿತವಾಗಿರಬೇಕಿದ್ದ ರೋಗ, ಆಟಗಾರರ ಸಾಕುಪ್ರಾಣಿಗಳ ಮೂಲಕ ಊರುಗಳಿಗೆ ಬಂತು. ಬಲ ಕಡಿಮೆ ಇದ್ದವರ ಪಾತ್ರಗಳು ಸಾಲಾಗಿ ಸತ್ತವು. ಕೆಲವರು ಊರು ಬಿಟ್ಟು ಓಡಿದರು. ಕೆಲವರು ತಮಗೆ ತಾಗಿದರೂ ಪರವಾಗಿಲ್ಲ ಅಂತ ಬೇರೆಯವರಿಗೆ ಚಿಕಿತ್ಸೆ ಮಾಡುತ್ತ ನಿಂತರು. ಕೆಲವರು ಬೇಕಂತಲೇ ರೋಗ ಹಬ್ಬಿಸಿದರು. ಕಂಪನಿ ಹೇಳಿದ ದಿಗ್ಬಂಧನವನ್ನು ಜನ ಪಾಲಿಸಲಿಲ್ಲ. ಕೊನೆಗೆ ಸರ್ವರ್‌ಗಳನ್ನೇ ರೀಸೆಟ್ ಮಾಡಬೇಕಾಯಿತು. 2007ರಲ್ಲಿ ಸಾಂಕ್ರಾಮಿಕ ರೋಗ ತಜ್ಞರು ಇದರ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಮನುಷ್ಯ ಹೇಗೆ ನಡೆದುಕೊಳ್ಳುತ್ತಾನೆ ಅನ್ನುವುದು ಅವರ ಲೆಕ್ಕಾಚಾರಗಳಲ್ಲಿ ಸಿಗುತ್ತಿರಲಿಲ್ಲ, ಇಲ್ಲಿ ಸಿಕ್ಕಿತ್ತು. 2011ರಲ್ಲಿ ಫೋಲ್ಡಿಟ್ ಅನ್ನುವ ಗೇಮ್ ಆಡುವವರು, ಮಂಗಗಳಿಗೆ ಬರುವ ಒಂದು ವೈರಸ್‌ನ ಪ್ರೋಟೀನ್ ಯಾವ ಆಕಾರದಲ್ಲಿದೆ ಅನ್ನುವುದನ್ನು ಮೂರು ವಾರದೊಳಗೆ ಬಿಡಿಸಿದರು. ವಿಜ್ಞಾನಿಗಳಿಗೆ ಅದು ವರ್ಷಗಳಿಂದ ದಕ್ಕಿರಲಿಲ್ಲ.

ಇವತ್ತಿನ ಎಐ ಕೂಡ ಗೇಮ್‌ಗಳ ಋಣದಲ್ಲಿದೆ. ಗೇಮ್‌ಗಳಲ್ಲಿ ಚಿತ್ರ ಬೇಗ ಮೂಡಲಿ ಅಂತ ಮಾಡಿದ ಗ್ರಾಫಿಕ್ಸ್ ಕಾರ್ಡ್‌ಗಳು ಸಾವಿರಾರು ಸಣ್ಣ ಲೆಕ್ಕಗಳನ್ನು ಏಕಕಾಲಕ್ಕೆ ಮಾಡುತ್ತವೆ. 2012ರಲ್ಲಿ ಚಿತ್ರ ಗುರುತಿಸುವ ಸ್ಪರ್ಧೆ ಗೆದ್ದು ಎಐಗೆ ದಿಕ್ಕು ತೋರಿಸಿದ ಅಲೆಕ್ಸ್‌ನೆಟ್ ಅನ್ನುವ ಪ್ರೋಗ್ರಾಂ ತರಬೇತಾಗಿದ್ದು ಗೇಮ್ ಆಡುವವರಿಗೆ ಅಂತ ಮಾರುತ್ತಿದ್ದ ಎರಡು ಕಾರ್ಡ್‌ಗಳ ಮೇಲೆ. 2024ರ ರಸಾಯನಶಾಸ್ತ್ರ ನೊಬೆಲ್ ಹಂಚಿಕೊಂಡ ಎಐ ಸಂಶೋಧಕ ಡೆಮಿಸ್ ಹಸಾಬಿಸ್ ಹದಿಹರೆಯದಲ್ಲೇ ಥೀಮ್ ಪಾರ್ಕ್ ಅನ್ನುವ ಗೇಮ್‌ಗೆ ಪ್ರೋಗ್ರಾಂ ಬರೆದವರು.

ಆಡುವವರ ಕೈಯನ್ನು ಇಷ್ಟು ಚೆನ್ನಾಗಿ ಅರಿತವರು ಅದನ್ನು ಲಾಭಕ್ಕೂ ಬಳಸುತ್ತಾರೆ. ಇದು ನನಗೆ ರಕ್ತದ ಚಿತ್ರಗಳಿಗಿಂತ ದೊಡ್ಡ ಚಿಂತೆ. ದುಡ್ಡು ಕೊಟ್ಟು ಪೆಟ್ಟಿಗೆ ತೆರೆಯಿರಿ, ಒಳಗೆ ಏನಿದೆಯೋ ಅದೃಷ್ಟ ಅನ್ನುವ ಲೂಟ್ ಬಾಕ್ಸ್‌ಗಳು ಬಂದವು. ತುಂಡು ತುಂಡು ಸೇರಿಸಿ ಪೂರ್ತಿ ಸೆಟ್ ಮಾಡಿಸುವ ಇಂಥದೇ ಒಂದು ಬಗೆಯನ್ನು ಜಪಾನ್ 2012ರಲ್ಲೇ ತಡೆಯಿತು. ಬೆಲ್ಜಿಯಂ 2018ರಲ್ಲಿ ಲೂಟ್ ಬಾಕ್ಸ್‌ಗಳನ್ನು ಜೂಜು ಅಂತಲೇ ಪರಿಗಣಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಗೇಮಿಂಗ್ ಚಟವೂ ಸೇರಿದೆ, 2022ರಿಂದ ಅದು ಜಾರಿಯಲ್ಲಿದೆ. ಜಾಸ್ತಿ ಹೊತ್ತು ಆಡಿದರೆ ಸಾಕು, ಅದು ಕಾಯಿಲೆ ಅಂತ ಅಲ್ಲ. ಹಿಡಿತ ತಪ್ಪಿ, ಬದುಕಿನ ಉಳಿದೆಲ್ಲ ಹಿಂದೆ ಸರಿದು, ಸಾಮಾನ್ಯವಾಗಿ 12 ತಿಂಗಳಾದರೂ ಹಾಗೇ ಮುಂದುವರಿದಾಗ ಮಾತ್ರ. ಮಕ್ಕಳು ಎಷ್ಟು ಗಂಟೆ ಆಡಬಹುದು ಅಂತ ಪೋಷಕರು ಕೇಳುತ್ತಾರೆ. ಗಂಟೆಯ ಜೊತೆಗೆ, ಆ ಗೇಮ್ ಮಗುವಿನ ಕೈಯಲ್ಲಿ ಏನು ಮಾಡಿಸುತ್ತಿದೆ ಅನ್ನುವುದನ್ನೂ ಪಕ್ಕದಲ್ಲಿ ಕೂತು ನೋಡಿ ಅಂತ ನಾನು ಹೇಳುತ್ತೇನೆ. ಕಟ್ಟಿಸುತ್ತಿದೆಯಾ, ಯೋಚಿಸುವಂತೆ ಮಾಡುತ್ತಿದೆಯಾ, ಬರೀ ಪೆಟ್ಟಿಗೆ ತೆರೆಸುತ್ತಿದೆಯಾ.

ಕೊನೆಯದಾಗಿ, ಹಳೆಯ ಗೇಮ್‌ಗಳನ್ನು ಉಳಿಸಿಕೊಳ್ಳುವ ವಿಷಯ. ನ್ಯೂಯಾರ್ಕಿನ ಮೋಮಾ ಕಲಾ ಸಂಗ್ರಹಾಲಯ 2012ರಲ್ಲಿ ಪ್ಯಾಕ್‌ಮನ್, ಟೆಟ್ರಿಸ್ ಸೇರಿ 14 ಗೇಮ್‌ಗಳನ್ನು ತನ್ನ ಸಂಗ್ರಹಕ್ಕೆ ತೆಗೆದುಕೊಂಡಿತು. ಸಂತೋಷ. ಆದರೆ ಅಮೆರಿಕದಲ್ಲಿ ಬಿಡುಗಡೆಯಾದ ಹಳೆಯ ಗೇಮ್‌ಗಳಲ್ಲಿ ಶೇಕಡ 87ರಷ್ಟು ಇವತ್ತು ಅಂಗಡಿಯಲ್ಲಿ ಎಲ್ಲೂ ಸಿಗುವುದಿಲ್ಲ ಅಂತ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಕೊಟ್ಟಿತು. ಸಂಶೋಧಕರು ಗ್ರಂಥಾಲಯದ ಹಳೆಯ ಗೇಮ್‌ಗಳನ್ನು ದೂರದಿಂದಲೇ ಆಡಿ ಅಧ್ಯಯನ ಮಾಡಲು ಅನುಮತಿ ಕೇಳಿದರೆ, 2024ರಲ್ಲಿ ಅಲ್ಲಿನ ಕಾಪಿರೈಟ್ ಕಚೇರಿ ಕೊಡಲಿಲ್ಲ. ಇಂಟರ್ನೆಟ್ ಸರ್ವರ್ ನಂಬಿದ ಗೇಮ್‌ಗಳ ಕತೆ ಇನ್ನೂ ಕಷ್ಟ. ದಿ ಕ್ರೂ ಅನ್ನುವ ಕಾರ್ ರೇಸಿನ ಗೇಮ್‌ನ ಸರ್ವರ್ 2024ರ ಮಾರ್ಚ್ ಕೊನೆಗೆ ನಿಂತಾಗ, ದುಡ್ಡು ಕೊಟ್ಟು ಕೊಂಡವರು ಒಬ್ಬರೇ ಕೂತು ಕೂಡ ಆಡಲಾಗದಂತೆ ಆಯಿತು. ಅಲ್ಲಿಂದ ಹುಟ್ಟಿದ ಆಂದೋಲನಕ್ಕೆ 2025ರ ಜುಲೈ ಹೊತ್ತಿಗೆ ಯುರೋಪಿನಲ್ಲಿ 10 ಲಕ್ಷಕ್ಕಿಂತ ಹೆಚ್ಚು ಸಹಿ ಬಿದ್ದವು.

ಯಾರೋ ಆಡಿದ ವಿಡಿಯೋ ಯೂಟ್ಯೂಬಿನಲ್ಲಿ ಇದೆಯಲ್ಲ, ಸಾಲದಾ ಅಂತ ಕೆಲವರು ಕೇಳುತ್ತಾರೆ. ಸಾಲದು. ಮಾರಿಯೋನ ಆ ಮೊದಲ ಒಂದು ನಿಮಿಷವನ್ನು ನೋಡಿ ಕಲಿಯಲಾಗದು, ಆಡಿಯೇ ಕಲಿಯಬೇಕು. ಪಾಸ್‌ಪೋರ್ಟಿಗೆ ಸೀಲ್ ಒತ್ತಿದ ನಾಚಿಕೆ ವಿಡಿಯೋದಲ್ಲಿ ಬರುವುದಿಲ್ಲ.

1989ರ ಪ್ರಿನ್ಸ್ ಆಫ್ ಪರ್ಷಿಯಾ ಗೇಮ್ ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಜೋರ್ಡನ್ ಮೆಕ್ನರ್ ತಮ್ಮ ತಮ್ಮನನ್ನು ಓಡಿಸಿ, ಹಾರಿಸಿ, ವಿಡಿಯೋ ತೆಗೆದು, ಅದನ್ನೇ ಒಂದೊಂದು ಚಿತ್ರವಾಗಿ ಬಿಡಿಸಿ ರಾಜಕುಮಾರನಿಗೆ ಆ ಚಲನೆ ಕೊಟ್ಟರು. ಅದರ ಮೂಲ ಕೋಡ್ ಕಳೆದೇ ಹೋಗಿದೆ ಅಂದುಕೊಂಡಿದ್ದರು. 2012ರಲ್ಲಿ ಅವರ ತಂದೆಗೆ ಹಳೆಯ ಪೆಟ್ಟಿಗೆಯೊಂದರಲ್ಲಿ ಆ ಫ್ಲಾಪಿಗಳು ಸಿಕ್ಕವು. ಹಳೆಯ ಯಂತ್ರಗಳನ್ನು ಬಲ್ಲ ಆಸಕ್ತರು ಬಂದು ಅವುಗಳನ್ನು ಓದಿ ಹೊರತೆಗೆದರು. ಮೆಕ್ನರ್ ಅದನ್ನು ಎಲ್ಲರಿಗೂ ಸಿಗುವಂತೆ ಗಿಟ್‌ಹಬ್ ಅನ್ನುವ ಕೋಡ್ ಹಂಚುವ ತಾಣದಲ್ಲಿ ಹಾಕಿದರು. ಇಲ್ಲಿ ಗೇಮ್ ಮಾಡುತ್ತಿರುವ ಹುಡುಗ ಹುಡುಗಿಯರು ಯಾರಾದರೂ ಇದ್ದರೆ ನನ್ನದೊಂದು ಕೋರಿಕೆ. ನಿಮ್ಮ ಗೇಮ್ ಎಷ್ಟೇ ಚಿಕ್ಕದಿರಲಿ, ಅದರ ಕೋಡ್, ಬಿಡಿಸಿದ ಚಿತ್ರಗಳು, ಅರ್ಧಕ್ಕೆ ಬಿಟ್ಟ ಹಳೆಯ ಆವೃತ್ತಿಗಳು, ಎಲ್ಲವನ್ನೂ ಎರಡು ಮೂರು ಕಡೆ ಇಡಿ. ಎಲ್ಲಿಟ್ಟಿದ್ದೀರಿ ಅಂತ ಇನ್ನೊಬ್ಬರಿಗೂ ಹೇಳಿಡಿ.